ಎರಡೂ ಎಡತೋಳು

ನೀಲಿ, ಎಂಥ ಚೆಂದದ ನೀಲಿ, ಯುವಿ ದೀಪದ ಕೆಳಗೆ ಎರಡೂ ಶೀಶೆ ಹೊಳೆಯುತ್ತಿವೆ, ಯಾದಗಿರಿಯ ಬಿಸಿಲು ಲ್ಯಾಬಿನ ಕಿಟಕಿಯ ಕಪ್ಪು ಬಟ್ಟೆಯಾಚೆಗೇ ನಿಂತಿದೆ, ಇದು ತನ್ನ ಕೈಕೆಲಸವೆಂದು ಪಂಚಶೀಲಾಗೆ ಇನ್ನೂ ನಂಬಿಕೆ ಬಾರದು — ನಿಂಬೆಹುಳಿಯ ಪುಡಿ ಬೇಯಿಸಿ ಮಾಡಿದ, ಕಣ್ಣಿಗೆ ಕಾಣದ ಇಂಗಾಲದ ಚುಕ್ಕಿಗಳು, ಅಮೈನೋ ಆಮ್ಲದ ಎಡರೂಪ ಬೆರೆತರೆ ಮಂಕಾಗುತ್ತವೆ, ಅದರ ಕನ್ನಡಿಬಿಂಬವಾದ ಬಲರೂಪ ಬೆರೆತರೆ ಹಾಗೇ ಹೊಳೆಯುತ್ತವೆ, ಅಷ್ಟೇ, ಅಷ್ಟಕ್ಕೆ ಮೂರು ವರ್ಷ. ಗೈಡ್ ವಿಶ್ವರಾಧ್ಯ ಸರ್ ಹೆಸರು ಬರೆಯದ ಎರಡು ದ್ರಾವಣ ತಂದಿಟ್ಟು, ಯಾವ್ದು ಎಡ ಯಾವ್ದು ಬಲ ಹೇಳವಾ, ತಪ್ಪಿದ್ರ ಪ್ರಬಂಧ ಕಳಿಸೂದು ಬ್ಯಾಡ, ಎಂದು ಕೈಕಟ್ಟಿ ನಿಂತಿದ್ದಾರೆ. ಇದಕ್ಕೊಂದು ಹನಿ, ಅದಕ್ಕೊಂದು ಹನಿ, ಮೊದಲನೆಯದು ಮಂಕಾಯಿತು, ಎಡ, ಸರಿ, ಎರಡನೆಯದು — ಅದೂ ಮಂಕು, ಅಷ್ಟೇ ಮಂಕು, ಚುಕ್ಕಿಗಳು ಕೆಟ್ಟವೇ, ಸುಮ್ಮನೆ ಒಂದನ್ನು ಬಲ ಅಂದುಬಿಡಲೇ — ಹಸಿರು, ಈಗ ಯಾಕೆ ಈ ಹಸಿರು, ಶಹಾಪುರದ ಮನೆ, ಅವ್ವನ ಹೊಲಿಗೆ ಮಷೀನು, ಸುರಪುರದ ಅಮೃತಮ್ಮನ ಮದುವೆ ಜಂಪರಿನ ಬಟ್ಟೆ, ಜರಿ ಒಂದೇ ಮಗ್ಗುಲಿಗೆ, ತಿರುವಿ ಹಾಕುವಂತಿಲ್ಲ, ಮಡಿಚಿ ಕತ್ತರಿಸಿದರೆ ಎಡಬಲದ ಜೋಡಿ ಬರುತ್ತಿತ್ತು, ಅದನ್ನು ಮಡಿಚದೆ ಎರಡು ಸಲ ಕತ್ತರಿ ಆಡಿಸಿದ್ದಳು ಪುಟ್ಟ ಪಂಚಶೀಲಾ, ಅವ್ವ ಬೈಯಲಿಲ್ಲ, ಹಲಗೆಯ ಮೇಲೆ ಹರವಿ, ನೆಟ್ಟಗ ಕತ್ತರಿಸಿದಿ ಯವ್ವಾ, ಆದ್ರ ಎರಡೂ ಎಡತೋಳು ಅದಾವ ನೋಡು, ಅಂದಳು. ಎರಡೂ — ಕೈ ಚುಕ್ಕಿಗಳ ಮೂರನೇ ಶೀಶೆಗೆ ಹೋಯಿತು, ಅದಕ್ಕೆ ತನ್ನ ಕಪಾಟಿನ ಬಲರೂಪದ ಹನಿ, ನೀಲಿ ಕದಲಲಿಲ್ಲ, ಚುಕ್ಕಿಗಳು ಗಟ್ಟಿಯಾಗಿವೆ, ಏನವಾ ಗೊತ್ತಾಗವಲ್ದೇನು ಅನ್ನುತ್ತಿದ್ದಾರೆ ಸರ್, ಎರಡೂ ಎಡರೂಪ ಅದಾವ್ರಿ ಸರ್, ಬಲದ್ದು ನೀವು ಇಟ್ಟೇ ಇಲ್ಲ, ಬಾಯಿಂದ ಹೊರಟೇಹೋಯಿತು, ಗೈಡ್‌ಗೆ ಹೀಗನ್ನಬಹುದೇ, ಅವರು ನಕ್ಕರು, ಹೌದವಾ, ಒಂದೇ ಬಾಟಲಿಯಿಂದ ಎರಡೂ ತುಂಬೀನಿ, ನೀ ಹೆದರಿ ಒಂದನ್ನ ಬಲ ಅಂತಿ ಅನ್ಕೊಂಡಿದ್ದೆ, ಪ್ರಬಂಧ ಕಳಸು. ಅವ್ವನಿಗೆ ಫೋನ್ ಮಾಡಬೇಕು, ಚುಕ್ಕಿ, ಆಮ್ಲ, ಅದೆಲ್ಲ ಯಾಕೆ, ತೋಳು ಅಂದರೆ ಸಾಕು, ಅಮೃತಮ್ಮನಿಗೆ ಬೇರೆ ಬಟ್ಟೆಯ ತೋಳು ಹಚ್ಚಿ ಕೊಟ್ಟ ಅವ್ವ ಆ ತೋಳುಗಳನ್ನು ಎಸೆದಿಲ್ಲ, ಮಷೀನಿನ ಮೇಲೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದಾಳೆ, ಬಂದವರಿಗೆಲ್ಲ, ನಮ್ಮ ಪಂಚಶೀಲಾ ಮೊದಲ್ನೇ ಸಲ ಕತ್ತರಿಸಿದ್ದು, ಎಷ್ಟು ನೆಟ್ಟಗ ಅದಾವ ನೋಡ್ರಿ ಅನ್ನುತ್ತಾಳೆ, ಹಸಿರು ಜರಿ, ಎರಡು ತೋಳು, ಎರಡೂ ಎಡದ್ದು —