ಸೊನ್ನೆಯಮ್ಮನ ಹನ್ನೊಂದು ಸೊನ್ನೆಗಳು

ಎದುರಿಗಿದ್ದವರು ನಕ್ಕರೆ ಸಾಕು, ಆಕೆ ಆಡುತ್ತಿದ್ದ ಮಾತನ್ನು ಇದ್ದಲ್ಲೇ ನಿಲ್ಲಿಸಿಬಿಡುತ್ತಿದ್ದರು. ಅರ್ಧ ವಾಕ್ಯವಾದರೂ ಸರಿ, ಅರ್ಧ ಶಬ್ದವಾದರೂ ಸರಿ. ತುಟಿ ಮುಚ್ಚಿ, ಬಲಗೈಯ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸುತ್ತ, ಆ ನಗು ಹುಟ್ಟಿ, ಬೆಳೆದು, ಕ್ಷೀಣಿಸಿ, ಪೂರ್ತಿ ಅಡಗುವವರೆಗೆ ಕಾದು, ಆಮೇಲಷ್ಟೇ ಉಳಿದರ್ಧವನ್ನು ಹೊರಬಿಡುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಆಕೆಯ ಯಾವುದೋ ಮಾತಿಗೆ ಕಂಡಕ್ಟರ್ ಬಿದ್ದು ಬಿದ್ದು ನಕ್ಕನಂತೆ. ಅವನ ನಗು ಮುಗಿಯಲೆಂದು ಇಳಿಯುವ ಸ್ಟಾಪಿನ ಹೆಸರು ಹೇಳದೆ ಕಾದು, ಎರಡು ಸ್ಟಾಪು ಮುಂದೆ ಹೋಗಿ ಇಳಿದು, ಉರಿಬಿಸಿಲಿನಲ್ಲಿ ನಡೆದು ಸ್ಟುಡಿಯೋ ಸೇರಿದರು. ತಡವಾಯಿತಲ್ಲ ಎಂದು ಆಕ್ಷೇಪಿಸಿದವರಿಗೆ, "ಅವನು ನಗ್ತಾ ಇದ್ದ ಕಣಪ್ಪ, ಮಧ್ಯೆ ಬಾಯಿ ಹಾಕೋಕಾಗುತ್ತಾ?" ಎಂದು ಮರುಪ್ರಶ್ನೆ ಹಾಕಿದರಂತೆ.

ಆಕೆ ದೂರದರ್ಶನಕ್ಕೆ ಒಂದು ಹಾಸ್ಯ ಧಾರಾವಾಹಿ ಬರೆದವರು. ಎರಡು ದಿನಕ್ಕೆಂದು ಮಗಳ ಮನೆಗೆ ಬಂದ ಅತ್ತೆ ಒಂಬತ್ತು ವರ್ಷವಾದರೂ ಹೊರಡದ ಕಥೆ ಅದು. ಪ್ರತಿ ಕಂತಿನ ಆರಂಭದಲ್ಲಿ ಅತ್ತೆ ಪೆಟ್ಟಿಗೆ ಕಟ್ಟುತ್ತಾಳೆ, ಕೊನೆಯಲ್ಲಿ ಬಿಚ್ಚುತ್ತಾಳೆ. ನಡುವಿನ ಇಪ್ಪತ್ತೆರಡು ನಿಮಿಷ ಅಳಿಯನ ತಾಳ್ಮೆಯ ಪರೀಕ್ಷೆ. ಒಂದು ಹಜಾರ, ಒಂದು ಸೋಫಾ, ಜಪ್ಪಯ್ಯ ಅಂದರೂ ಮುಚ್ಚಿಕೊಳ್ಳದ ಒಂದು ಬಾಗಿಲು, ಇಷ್ಟರಲ್ಲೇ ಒಂಬತ್ತು ವರ್ಷ ನಡೆದುಹೋಯಿತು. ಬರೆದವರಾದರೋ ತೀರಾ ಗಿಡ್ಡಗಿನ ಹೆಂಗಸು. ಸ್ಟುಡಿಯೋದ ಏಸಿಯ ಚಳಿಗೆಂದು ತೀರಿಹೋದ ಅಣ್ಣನ ಕಪ್ಪು ಕೋಟನ್ನು ಸೀರೆಯ ಮೇಲೆ ಹಾಕಿಕೊಂಡು, ಮೊಣಕಾಲು ಮುಟ್ಟುವ ಅದರ ಜೇಬುಗಳಲ್ಲಿ ಮೊಂಡು ಪೆನ್ಸಿಲುಗಳನ್ನು ತುಂಬಿಕೊಂಡು, ಎಲ್ಲಿಗೋ ತುರ್ತಾಗಿ ಹೋಗಬೇಕಾದವರಂತೆ ಮುಂದಕ್ಕೆ ಬಾಗಿ ನಡೆಯುತ್ತಿದ್ದರು. ಬೇಡವೆನ್ನುವುದಕ್ಕೂ ಮೊದಲು ಒಪ್ಪಿಕೊಂಡುಬಿಡುವ ವಿಚಿತ್ರ ಚಾಳಿ ಅವರಿಗಿತ್ತು. "ಸರಿ. ಆಗಲ್ಲ" ಎನ್ನುತ್ತಿದ್ದರು. ಆ "ಸರಿ"ಯನ್ನು ಕೇಳಿ ಸಂತೋಷದಿಂದ ಎದ್ದುಹೋದವರು ಬಾಗಿಲಿನಿಂದ ವಾಪಸು ಬಂದದ್ದನ್ನು ನಾನೇ ಕಂಡಿದ್ದೇನೆ.

ಸೊನ್ನೆಯಮ್ಮ ಎಂಬ ಹೆಸರು ಬಂದ ಬಗೆಯನ್ನು ಹೇಳಬೇಕು. ಧಾರಾವಾಹಿಯ ಕಾಲದಲ್ಲಿ ಸ್ಟುಡಿಯೋದೊಳಗೆ ಮೂರು ಬೆಂಚು ಹಾಕಿಸಿ, ಕ್ಯಾಂಟೀನಿನ ಅಡುಗೆಯವರು, ಬಡಗಿಗಳು, ಬಟ್ಟೆ ಹೊಲಿಯುವವರು, ಲೈಟಿನವರು, ಯಾರಿಗೆ ಬಿಡುವಿದೆಯೋ ಅವರನ್ನೆಲ್ಲ ಕೂರಿಸಿ ಚಿತ್ರೀಕರಣ ಮಾಡುತ್ತಿದ್ದರು. ಮನೆಮನೆಯಲ್ಲಿ ಜನ ಟಿವಿಯೊಳಗೆ ಕೇಳುತ್ತಿದ್ದ ನಗು ಆ ಬೆಂಚಿನವರದು. ತಾಲೀಮಿನಲ್ಲಿ ಬೆಂಚು ನಗದಿದ್ದರೆ ಆ ಸಾಲು ಎಷ್ಟೇ ಸೊಗಸಾಗಿರಲಿ, ಆಕೆ ತಾವೇ ಹೊಡೆದುಹಾಕುತ್ತಿದ್ದರು, ಬೆಂಚಿನೊಡನೆ ವಾದವಿಲ್ಲ. ನಕ್ಕರೆ, ಆ ನಗು ಎಷ್ಟು ಉಸಿರಿನದೋ ಅಷ್ಟು ಸೊನ್ನೆಗಳನ್ನು ಸಾಲಿನ ಮುಂದೆ ಪೆನ್ಸಿಲಿನಲ್ಲಿ ಸುತ್ತುತ್ತಿದ್ದರು. ಒಂದು ಸೊನ್ನೆಯೆಂದರೆ ನಟರು ಒಂದು ಉಸಿರು ಕಾಯಬೇಕು, ಎರಡೆಂದರೆ ಎರಡು. ಮೂರು ಸೊನ್ನೆಯಿದ್ದ ಕಡೆ ಅತ್ತೆ ಪಾತ್ರದ ನಟಿ ಆರಾಮವಾಗಿ ಒಂದು ಲೋಟ ನೀರು ಕುಡಿದು ಮಾತು ಮುಂದುವರಿಸಬಹುದಿತ್ತು. ಊರಿಗೆಲ್ಲ ಅತ್ತೆಮ್ಮ ಎಂದೇ ಪರಿಚಿತರಾದ ಆ ನಟಿಗೆ ಸೊನ್ನೆಗಳು ರಕ್ತದಲ್ಲೇ ಸೇರಿಹೋಗಿದ್ದವು.

ಧಾರಾವಾಹಿ ನಿಂತು ಇಪ್ಪತ್ತು ವರ್ಷಗಳಾದ ಮೇಲೆ ಒಬ್ಬ ನಿರ್ಮಾಪಕರಿಗೆ ಅದನ್ನು ಸಿನಿಮಾ ಮಾಡುವ ಆಸೆ ಹುಟ್ಟಿತು. ಬಾಲ್ಯದಲ್ಲಿ ಅಪ್ಪ ಅಮ್ಮನ ನಡುವೆ ಕೂತು ಅದನ್ನು ನೋಡಿ ನಕ್ಕವರು ಅವರು. ಅತ್ತೆಯ ಪಾತ್ರಕ್ಕೆ ಅತ್ತೆಮ್ಮನೇ ಬೇಕೆಂದರು, ಸೊನ್ನೆಯಮ್ಮನನ್ನು ಕರೆಸಿ ಸೆಟ್ಟಿನಲ್ಲೊಂದು ಕುರ್ಚಿ ಹಾಕಿಸಿದರು, ಬರಹಗಾರರಾಗಿ ಅವರ ಹೆಸರೇ ತೆರೆಯ ಮೇಲೆ ಮೊದಲು ಬರಬೇಕೆಂದು ಕಾಗದದಲ್ಲೂ ಬರೆದುಕೊಟ್ಟರು. ನಿರ್ದೇಶಕ ಹೊಸಬ, ಜಾಹೀರಾತುಗಳಲ್ಲಿ ಕೈ ಪಳಗಿಸಿಕೊಂಡವನು, ಚುರುಕು ಮನುಷ್ಯ. ಹಳೆಯ ಕಂತುಗಳಿಂದ ಆಯ್ದು ಸಿನಿಮಾಕ್ಕೆ ಸಂಭಾಷಣೆ ಸಿದ್ಧಪಡಿಸುವ ಕೆಲಸ ಅವನ ಸಹಾಯಕನಾದ ನನಗೆ ಬಂತು. ಬಣ್ಣಗೆಟ್ಟ ಫೈಲುಗಳನ್ನು ಮುಂದಿಟ್ಟುಕೊಂಡು ಒಂದೂವರೆ ತಿಂಗಳು ಟೈಪು ಮಾಡಿದೆ. ಆಕೆಯ ಹೆಸರಿನ ಹಿನ್ನೆಲೆ ನನಗಿನ್ನೂ ಗೊತ್ತಿರಲಿಲ್ಲ; ಸಾಲುಸಾಲಿಗೂ ಇದ್ದ ಸೊನ್ನೆಗಳನ್ನು ಕಂಡು, ಮುದುಕಿ ಯೋಚಿಸುವಾಗ ಸುಮ್ಮನೆ ಗೀಚಿದ್ದಿರಬೇಕು ಎಂದುಕೊಂಡು, ಒಂದನ್ನೂ ಉಳಿಸದೆ ಬಿಟ್ಟು, ಪ್ರತಿಯನ್ನು ಚೊಕ್ಕಟ ಮಾಡಿ ಕೊಟ್ಟೆ. ಚೊಕ್ಕಟವಾಗಿದೆ ಎಂದು ನಿರ್ದೇಶಕ ಬೆನ್ನು ತಟ್ಟಿದಾಗ ಹಿಗ್ಗಿದ್ದೂ ಉಂಟು.

ಚಿತ್ರೀಕರಣದ ಮೂರನೆಯ ದಿನ ಎಡವಟ್ಟು ಶುರುವಾಯಿತು. ಅಳಿಯ ಕೇಳುತ್ತಾನೆ, "ಅತ್ತೆ, ನಾಳೆ ಬೆಳಿಗ್ಗೆ ಬಸ್ಸಿಗೆ ಟಿಕೆಟ್ ತರ್ಲಾ?" ಅತ್ತೆ ಹೇಳುತ್ತಾಳೆ, "ತನ್ನಿ ಅಳಿಯಂದ್ರೆ. ನೀವೆಲ್ಲಿಗೆ ಹೊರಟ್ರಿ?" ಅದರ ಬೆನ್ನಿಗೇ ಇನ್ನೊಂದು ಮಾತಿದೆ, "ಹೋಗ್ವಾಗ ಬಾಗಿಲು ಎಳ್ಕೊಂಡು ಹೋಗಿ." ಅತ್ತೆಮ್ಮ ಮೊದಲ ಮಾತು ಹೇಳಿ, ಅಳಿಯನ ಅಂಗಿಯ ಗುಂಡಿಯ ಮೇಲೆ ದೃಷ್ಟಿ ನೆಟ್ಟು, ಗೊಂಬೆಯಂತೆ ನಿಂತುಬಿಟ್ಟರು. ಒಂದು ಉಸಿರು, ಎರಡು ಉಸಿರು.

"ಕಟ್. ಏನಮ್ಮಾ, ಮಾತು ಮರ್ತೋಯ್ತಾ?" ಎಂದ ನಿರ್ದೇಶಕ.

"ಇಲ್ಲಪ್ಪ, ನೆನಪಿದೆ."

ಮತ್ತೆ ತೆಗೆದರು, ಮತ್ತೆ ನಿಂತರು. ಏಳು ಸಲ ಹಾಗೇ ಆಯಿತು. ಯಾರಿಗಾಗಿ ಕಾಯುತ್ತಿದ್ದೇನೆಂದು ಆ ತಾಯಿಗೇ ತಿಳಿಯದು. ಬೆಂಚಿಲ್ಲದ ಸೆಟ್ಟಿನಲ್ಲಿ ಇಲ್ಲದ ನಗುವಿಗಾಗಿ ದೇಹ ತಾನಾಗಿ ಕಾಯುತ್ತಿತ್ತು. ವಯಸ್ಸಾಯಿತು, ನೆನಪು ಕೈಕೊಡುತ್ತಿದೆ ಎಂದು ಸುತ್ತ ಪಿಸುಮಾತು ಎದ್ದಿತು. ನಿರ್ದೇಶಕ ನನ್ನನ್ನು ಪಕ್ಕಕ್ಕೆ ಕರೆದು, ಅತ್ತೆ ಪಾತ್ರಕ್ಕೆ ಬೇರೆ ಯಾರಾದರೂ ಸಿಗುತ್ತಾರೇನೋ ನೋಡಿಡು ಎಂದ. ಅಷ್ಟು ದೂರದಿಂದ ಕೇಳಿಸಿತೋ ಇಲ್ಲವೋ, ಅತ್ತೆಮ್ಮ ಸೋಫಾದ ಅಂಚಿನಲ್ಲಿ ಕೂತು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿದ್ದರು.

ಸೊನ್ನೆಯಮ್ಮ ಕುರ್ಚಿಯಿಂದೆದ್ದು ಬಂದು ನನ್ನ ಕೈಯಲ್ಲಿದ್ದ ಪ್ರತಿಯನ್ನು ಇಸಿದುಕೊಂಡು ನಿಂತಲ್ಲೇ ಹಾಳೆ ತಿರುವಿದರು.

"ಇದನ್ನ ಕ್ಲೀನ್ ಮಾಡಿದ್ದು ಯಾರು?"

"ನಾನೇ ಅಮ್ಮ."

"ಒಳ್ಳೆ ಕೆಲಸಗಾರ ನೀನು. ಮನೆ ಗುಡಿಸು ಅಂದ್ರೆ ಬಾಗಿಲು, ಕಿಟಕಿ ಎಲ್ಲಾ ಗುಡಿಸಿ ಆಚೆ ಹಾಕಿದ್ದೀಯ."

ಸೊನ್ನೆಯೊಂದಕ್ಕೆ ಒಂದು ಉಸಿರೆಂದು ಆಕೆ ಬಿಡಿಸಿ ಹೇಳಿದಾಗಲೇ ಅವುಗಳ ಅರ್ಥ ನನಗೆ ತಿಳಿದದ್ದು, ಇಡೀ ಸೆಟ್ಟಿನೆದುರು, ಕಿವಿ ಕೆಂಪಾಗುತ್ತಿರುವಾಗ. ತಪ್ಪು ನನ್ನದೆಂದು ನಿರ್ದೇಶಕನಿಗೆ ಹೇಳಿದೆ. ಅವನು ನಕ್ಕುಬಿಟ್ಟ. ನೀನು ಮಾಡಿದ್ದೇ ಸರಿ, ಸಿನಿಮಾದಲ್ಲಿ ಒಂದು ಕ್ಷಣ ಸುಮ್ಮನಿದ್ದರೂ ಜನ ಮೊಬೈಲು ತೆಗೆಯುತ್ತಾರೆ ಎಂದ. ನಟಿಯನ್ನು ಆ ಕ್ಷಣವೇ ಬದಲಿಸುವ ಆತುರ ಅವನಿಗಿತ್ತು. "ಸರಿ. ಆಗಲ್ಲ," ಎಂದರು ಸೊನ್ನೆಯಮ್ಮ. "ಇಲ್ಲಿವರೆಗೆ ತೆಗ್ದಿರೋದನ್ನ ನಿಂಗೆ ಬೇಕಾದ ಹಾಗೆ ಕತ್ತರಿಸಿ ಜೋಡಿಸು. ನಾಲ್ಕು ಜನಕ್ಕೆ ತೋರ್ಸು. ಆಮೇಲೆ ಯಾರನ್ನ ಬದಲಾಯಿಸ್ಬೇಕು ಅಂತ ಮಾತಾಡೋಣ." ಸೆಟ್ಟಿಗೆ ಬಂದಿದ್ದ ನಿರ್ಮಾಪಕರು ಒಪ್ಪಿ ತಲೆಯಾಡಿಸಿದರು.

ಹತ್ತು ದಿನದ ಮೇಲೆ ಸ್ಟುಡಿಯೋದ ಪುಟ್ಟ ಪ್ರದರ್ಶನ ಕೊಠಡಿಯಲ್ಲಿ ಅಡುಗೆಯವರು, ಬಡಗಿಗಳು, ಡ್ರೈವರುಗಳು ಕಿಕ್ಕಿರಿದು ಕೂತರು. ನಿರ್ದೇಶಕ ಕಾಯುವಿಕೆಯನ್ನೆಲ್ಲ ಕತ್ತರಿಸಿದ್ದ. ಮಾತಿನ ಮೇಲೆ ಮಾತು, ಪಟಾಕಿ ಸರದಂತೆ. ಸೊನ್ನೆಯಮ್ಮ ತೆರೆಯ ಕಡೆ ಬೆನ್ನು ಹಾಕಿ, ಗೋಡೆಗೊರಗಿ, ಜನರ ಮುಖವನ್ನೇ ನೋಡುತ್ತ ನಿಂತರು. "ನೀವೆಲ್ಲಿಗೆ ಹೊರಟ್ರಿ?" ಎಂಬಲ್ಲಿ ಕೊಠಡಿ ಗೊಳ್ಳೆಂದಿತು, ಆ ಗದ್ದಲದಲ್ಲಿ ಬಾಗಿಲಿನ ಮಾತು ಕೊಚ್ಚಿಹೋಯಿತು. "ಏನಂದ್ಲು, ಏನಂದ್ಲು?" ಎಂದು ಹಿಂದಿನ ಸಾಲಿನವರು ಕೇಳಿದರು, ಮುಂದಿನವರು ಶ್ ಎಂದರು. ಇನ್ನೆರಡು ಸಲ ಹಾಗಾಯಿತು. ಆಮೇಲೆ ನಡೆದದ್ದನ್ನು ನಾನು ಎಂದೂ ಮರೆಯಲಾರೆ: ಜನ ನಗುವುದನ್ನು ನಿಲ್ಲಿಸಿದರು. ನಗು ಬರಲಿಲ್ಲವೆಂದಲ್ಲ; ಬಂದ ನಗುವನ್ನು, ಮುಂದಿನ ಮಾತು ತಪ್ಪಿಹೋದೀತೆಂಬ ಭಯದಿಂದ, ಕಷ್ಟಪಟ್ಟು ನುಂಗಿಕೊಳ್ಳತೊಡಗಿದರು. ದಪ್ಪ ಮೀಸೆಯ ಬಡಗಿಯೊಬ್ಬ ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಕಣ್ಣರಳಿಸಿ ತೆರೆಯನ್ನು ನೋಡುತ್ತಿದ್ದ, ಪರೀಕ್ಷೆಗೆ ಕೂತವನಂತೆ.

ದೀಪ ಹೊತ್ತಿದಾಗ ನಿರ್ದೇಶಕನಿಗೆ ಕಂಡದ್ದು ಬೇರೆ. "ನೋಡಿದ್ರಲ್ಲ ಸಾರ್," ಎಂದು ನಿರ್ಮಾಪಕರತ್ತ ತಿರುಗಿದ, "ಮೊದ್ಲು ನಕ್ರು, ಆಮೇಲೆ ನಗ್ಲೇ ಇಲ್ಲ. ಜೋಕು ಹಳೇದು, ಆ ಅಮ್ಮನೂ ಹಳೇದು. ಇಬ್ರನ್ನೂ ಬದಲಾಯಿಸ್ಬೇಕು."

ನಾವೆಲ್ಲ ನಿರ್ಮಾಪಕರ ಕೋಣೆಗೆ ನಡೆದೆವು. ಸೊನ್ನೆಯಮ್ಮ ಕೂರಲಿಲ್ಲ. ಕೋಟಿನ ಜೇಬಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಮೇಜಿನ ಮೇಲಿಟ್ಟು ಅಂಗೈಯಿಂದ ತೀಡಿದರು. ಹಳೆಯ ಗೋಳನ್ನು ತೋಡಿಕೊಳ್ಳುತ್ತಾರೆ, ನಮ್ಮ ಕಾಲದಲ್ಲಿ ಹೀಗಿತ್ತು ಹಾಗಿತ್ತು ಎನ್ನುತ್ತಾರೆ ಎಂದು ಎಲ್ಲರೂ ಕಾದಿದ್ದೆವು. ಆಕೆ ಅದರ ಹತ್ತಿರವೂ ಸುಳಿಯಲಿಲ್ಲ.

"ಧಾರಾವಾಹಿ ಬೇರೆ, ಸಿನಿಮಾ ಬೇರೆ ಅಂತ ನಂಗೂ ಗೊತ್ತಪ್ಪ. ಅದ್ಕೇ ಐವತ್ತು ಕಡೆ ಇದ್ದ ಸೊನ್ನೆಗಳನ್ನ ನಾನೇ ಹೊಡೆದು ಹನ್ನೊಂದು ಕಡೆ ಉಳಿಸಿದ್ದೀನಿ. ಆದ್ರೆ ಈ ಹನ್ನೊಂದು ಮೊದಲಿಗಿಂತ ಉದ್ದ ಇರ್ಬೇಕು. ಮನೇಲಿ ನಾಲ್ಕು ಜನ ನಗ್ತಾರೆ, ಬೇಗ ಮುಗಿಯುತ್ತೆ. ಥಿಯೇಟರಲ್ಲಿ ನಾನೂರು ಜನ. ಹಿಂದಿನ ಸೀಟಿನ ನಗು ಮುಂದಿನ ಸೀಟಿಗೆ ಬಂದು ಮುಗೀಬೇಕು. ಅಲ್ಲಿವರೆಗೂ ಅವಳು ಕಾಯ್ತಾಳೆ. ಹಾಗೆ ಕಾಯೋಕೆ ಬರೋದು ಅವಳೊಬ್ಬಳಿಗೇ."

"ನನ್ನ ಸಿನಿಮಾದಲ್ಲಿ ಸುಮ್ನೆ ನಿಂತ್ಕೊಳ್ಳೋಕೆ ಜಾಗ ಇಲ್ಲ," ಎಂದ ನಿರ್ದೇಶಕ.

ಸೊನ್ನೆಯಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ ಎಲ್ಲವೂ ತನ್ನ ಒಂದೇ ಹೆಸರಿನಲ್ಲಿ ಬರಬೇಕೆಂದು ಅವನು ಮೊದಲ ದಿನದಿಂದಲೂ ನಿರ್ಮಾಪಕರ ಬೆನ್ನು ಬಿದ್ದಿದ್ದು, ಆಕೆಯ ಕಾಗದ ಅಡ್ಡ ನಿಂತದ್ದು ನಮಗೆಲ್ಲ ತಿಳಿದಿತ್ತು. "ನಿನ್ನ ಸಿನಿಮಾ ಅಂತ ಹಾಕ್ಕೊ," ಎಂದರು. "ನನ್ನ ಹೆಸರು ತೆಗಿ. ಎಲ್ಲೂ ಬೇಡ, ಕೊನೇಲೂ ಬೇಡ. ಈಗ್ಲೇ ಬರ್ಕೊಡ್ತೀನಿ. ಸೊನ್ನೆ ಹನ್ನೊಂದೂ ಇರ್ಬೇಕು, ಅತ್ತೆಮ್ಮ ಇರ್ಬೇಕು. ಇದರಲ್ಲಿ ಒಂದು ಕಡಿಮೆಯಾದ್ರೂ ಕಥೆನೇ ಕೊಡಲ್ಲ. ಬೇರೆ ಅತ್ತೆ, ಬೇರೆ ಅಳಿಯನ್ನ ಹುಡುಕ್ಕೋ."

ನಿರ್ಮಾಪಕರು ಬೇಡವೆಂದು ಕೈ ಅಡ್ಡ ಹಿಡಿದರು, ನಾಳೆ ಮಾತಾಡೋಣವೆಂದರು. ಆಕೆ ಅಷ್ಟರಲ್ಲೇ ಮೊಂಡು ಪೆನ್ಸಿಲನ್ನು ಬದಿಗಿಟ್ಟು ನನ್ನ ಪೆನ್ನು ಕೇಳಿದ್ದರು. ಕೊಡಲು ನನ್ನ ಕೈ ಬರಲಿಲ್ಲ. ನನ್ನ ಜೇಬಿನಿಂದ ತಾವೇ ಎಳೆದುಕೊಂಡರು. ನಾಲ್ಕು ಸಾಲು, ಕೆಳಗೊಂದು ಸಹಿ. ನಿರ್ದೇಶಕ ಹನ್ನೊಂದಕ್ಕೂ ಒಪ್ಪಿದ, ಅದೂ ತುಸು ಅವಸರದಲ್ಲೇ ಒಪ್ಪಿದ. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗೆಂದು ನಾನು ಮಾಡಿದ್ದೇನು, ಆಕೆ ಮರಳಿಸಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡದ್ದಷ್ಟೇ.

ಚಿತ್ರ ಬಿಡುಗಡೆಯಾದ ಮೂರನೆಯ ದಿನ ಮಧ್ಯಾಹ್ನದ ಆಟಕ್ಕೆ ಸೊನ್ನೆಯಮ್ಮನೂ ನಾನೂ ಟಿಕೆಟು ಕೊಂಡು ಹೋದೆವು. ತೆರೆಯ ಮೇಲೆ ಹೆಸರುಗಳು ಬಂದವು, ಅತ್ತೆಮ್ಮನದು ದೊಡ್ಡ ಅಕ್ಷರದಲ್ಲಿ. ಬರೆದವರ ಜಾಗದಲ್ಲಿ ನಿರ್ದೇಶಕನದು. "ನೀವೆಲ್ಲಿಗೆ ಹೊರಟ್ರಿ?" ಬಂತು. ಅತ್ತೆಮ್ಮ ಅಳಿಯನ ಗುಂಡಿಯನ್ನು ನೋಡುತ್ತ ನಿಂತರು, ನಿಂತೇ ಇದ್ದರು. ಹಿಂದಿನಿಂದ ಎದ್ದ ನಗು ನಮ್ಮ ತಲೆಯ ಮೇಲಿಂದ ಹಾದು ಮುಂದಿನ ಸಾಲು ತಲುಪಿ ತಣ್ಣಗಾಗುವ ಹೊತ್ತಿಗೆ ಸರಿಯಾಗಿ ಬಾಗಿಲಿನ ಮಾತು ಬಿತ್ತು, ಮತ್ತೆ ಇಡೀ ಥಿಯೇಟರು ಎದ್ದಿತು. ಹತ್ತು ಸೊನ್ನೆಗಳನ್ನು ಜನ ಹೀಗೆ ತುಂಬಿಕೊಟ್ಟರು. ಹನ್ನೊಂದನೆಯದರಲ್ಲಿ ಒಬ್ಬರೂ ನಗಲಿಲ್ಲ. ಅತ್ತೆಮ್ಮ ಕಾದರು, ಯಾರೋ ಕೆಮ್ಮಿದರು. ಸೊನ್ನೆಯಮ್ಮ ನನ್ನತ್ತ ಬಾಗಿ, "ಅದು ನನ್ನ ತಪ್ಪು, ಅಲ್ಲಿ ಇಡಬಾರದಿತ್ತು," ಎಂದರು.

ಹೊರಗೆ ಬಂದು ಮೆಟ್ಟಿಲಿಳಿಯುವಾಗ ತಡೆಯಲಾರದೆ ಕೇಳಿದೆ, "ಹೆಸರಿಲ್ಲ ಅಂತ ಬೇಜಾರಾಗಲ್ವಾ ಅಮ್ಮ?"

"ಆಗುತ್ತೆ. ಯಾಕಾಗಲ್ಲ? ನಾನೇನು ಸನ್ಯಾಸಿನಾ?" ಎಂದವರೇ ನನಗಿಂತ ಎರಡು ಮೆಟ್ಟಿಲು ಮುಂದೆ ಇಳಿದುಬಿಟ್ಟರು.

ಇಂಥವರನ್ನು ನಾವು ವಿನಯವಂತರೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಅದು ಸುಳ್ಳು, ನಮಗೆ ಅನುಕೂಲವಾದ ಸುಳ್ಳು. ಅವರಷ್ಟು ಅಹಂಕಾರಿಗಳನ್ನು ನಾನು ಬೇರೆ ಕಂಡಿಲ್ಲ. ಆ ಅಹಂಕಾರ ಹೆಸರಿನಲ್ಲಿಲ್ಲ, ಕೆಲಸದಲ್ಲಿದೆ, ಅಷ್ಟೇ ವ್ಯತ್ಯಾಸ. ಹೆಸರನ್ನು ಕಸಿದುಕೊಂಡವರು ಗೆದ್ದೆವೆಂದು ಬೀಗುತ್ತ ಊರಿಡೀ ತಿರುಗಾಡಬಹುದು, ತೆರೆಯ ತುಂಬ ತಮ್ಮದೇ ಹೆಸರು ಬರೆಸಿಕೊಳ್ಳಬಹುದು. ಆದರೆ ಕತ್ತಲಲ್ಲಿ ನಾನೂರು ಜನ ಒಮ್ಮೆಲೇ ನಗುವಾಗ, ಆ ನಗು ಮುಗಿಯುವವರೆಗೆ ಬಾಯಿಮುಚ್ಚಿಕೊಂಡು ಕಾಯಲೇಬೇಕಾದವರಲ್ಲಿ ಆ ಗೆದ್ದವರೂ ಸೇರಿದ್ದಾರೆ.