ಎಪ್ಪತ್ತೊಂದು ಪರ್ಸೆಂಟ್

ತಪ್ಪು ನನ್ನದೇ. ರಸ್ತೆಗುಂಡಿ ಎಲ್ಲೆಲ್ಲಿವೆ ಎಂದು ಬಸ್ ಡ್ರೈವರ್‌ಗಳ ಫೋನಿನಿಂದಲೇ ಪತ್ತೆ ಮಾಡುವ ಆ್ಯಪ್ ಬರೆಯುವ ಕೆಲಸ ನನಗೆ ಬಂದಿತ್ತು. ನಾನೋ ಮಹಾ ಬುದ್ಧಿವಂತೆ! ಬಸ್ಸು ಎಲ್ಲಿದೆ, ಎಲ್ಲಿದೆ ಎಂದು ಸೆಕೆಂಡಿಗೊಂದು ಸಲ ಫೋನಿನ ಜೀವ ತಿಂದೆ. ಮಧ್ಯಾಹ್ನದೊಳಗೆ ಡಿಪೋದ ಮೂವತ್ತು ಡ್ರೈವರ್‌ಗಳ ಫೋನುಗಳೂ ಚಾರ್ಜು ಮುಗಿದು ಸತ್ತು ಮಲಗಿದವು.

ಮರುದಿನ ಡ್ರೈವರ್‌ಗಳ ಮುಖಂಡರು, ಡಿಪೋಗೆಲ್ಲ ಮೀಸೆಯಣ್ಣ, ನನ್ನ ಮೇಜಿನ ಮೇಲೆ ಫೋನು ಕುಕ್ಕಿದರು.

"ಏನಮ್ಮಾ ಇದು? ಮಗಳಿಗೆ ಹೆರಿಗೆ ನೋವು ಬಂದು ಮನೆಯವರು ಹತ್ತು ಸಲ ಫೋನ್ ಮಾಡಿದಾರೆ. ನನ್ನದು ಆಫ್! ಸಾಲದ್ದಕ್ಕೆ ಈ ಆ್ಯಪ್ ನಾವೆಲ್ಲಿ ಟೀ ಕುಡೀತೀವಿ ಅಂತ ಮ್ಯಾನೇಜರಿಗೆ ಚಾಡಿ ಬೇರೆ ಹೇಳುತ್ತಂತೆ. ಇವತ್ತೇ ಎಲ್ರೂ ಕಿತ್ತುಹಾಕ್ತೀವಿ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಒಂದು ವಾರ ಕೊಡಿ ಅಣ್ಣಾ. ಐದೇ ಫೋನು ಸಾಕು," ಎಂದೆ. ಗೊಣಗುತ್ತಲೇ ಒಪ್ಪಿದರು. ಆ ಐವರೂ ಬೇಡವೆಂದರೆ ಯೋಜನೆಯೂ ಮುಗಿಯಿತು, ನನ್ನ ಮರ್ಯಾದೆಯೂ ಹೋಯಿತು.

ಹಟ ಹಿಡಿದು ಹೊಸದಾಗಿ ಬರೆದೆ. ಫೋನು ಸುಮ್ಮನೆ ನಿದ್ದೆ ಮಾಡಲಿ. ಬಸ್ಸು ಜೋರಾಗಿ ಕುಲುಕಿದಾಗ ಮಾತ್ರ ಎದ್ದು, ಜಾಗ ಗುರುತಿಟ್ಟುಕೊಂಡು, ಮತ್ತೆ ಮಲಗಲಿ. ಚಾರ್ಜಿಗೆ ಹಾಕಿದಾಗಷ್ಟೇ ಕಳಿಸಲಿ. ಹೆಸರು, ನಂಬರು, ಹೊತ್ತು ಯಾವುದೂ ಜೊತೆಗೆ ಹೋಗಕೂಡದು.

ವಾರದ ಕೊನೆಯ ಸಂಜೆ, ಡ್ಯೂಟಿ ಮುಗಿಸಿ ಬಂದ ಮೀಸೆಯಣ್ಣನ ಫೋನು ಕಸಿದುಕೊಂಡು ನೋಡಿದೆ. ಚಾರ್ಜು ಇನ್ನೂ ಎಪ್ಪತ್ತೊಂದು ಪರ್ಸೆಂಟ್! ಕುಣಿಯುವುದೊಂದು ಬಾಕಿ.

ಮರುದಿನ ಮ್ಯಾನೇಜರು, ಫೋನುಗಳು ಕಳಿಸಿದ ಗುಂಡಿಗಳ ನಕ್ಷೆ ನೋಡಿದವರೇ ಒಂದು ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟರು.

"ಈ ಗಲ್ಲೀಲಿ ನಮ್ಮ ರೂಟೇ ಇಲ್ವಲ್ಲ! ಏಳು ಸಲ ಕುಲುಕಿದೆ. ಖಾಲಿ ಬಸ್ಸು ತಗೊಂಡು ಯಾರ್ರೀ ಸುತ್ತಾಡ್ತಿರೋದು? ಹೆಸರು ಹೇಳಿ."

ಪಕ್ಕದಲ್ಲಿದ್ದ ಮೀಸೆಯಣ್ಣ ಮೀಸೆ ತಿರುವುತ್ತ ಕಿಟಕಿಯ ಕಡೆ ತಿರುಗಿದರು.

"ತಲೆಕೆಳಗಾಗಿ ನಿಂತ್ರೂ ಸಿಗಲ್ಲ ಸಾರ್. ನನಗೇ ಸಿಗದ ಹಾಗೆ ಬರೆದಿದೀನಿ. ನಿಮಗೆ ಗುಂಡಿ ಬೇಕೋ, ಡ್ರೈವರ್ ಬೇಕೋ?" ಎಂದೆ.

ಮ್ಯಾನೇಜರು ನನ್ನನ್ನು ದುರುಗುಟ್ಟಿ ನೋಡಿ, ಕೊನೆಗೆ "ಗುಂಡಿ" ಎಂದರು.

ಹೊರಗೆ ಬಂದದ್ದೇ ಮೀಸೆಯಣ್ಣ ಪಿಸುಗುಟ್ಟಿದರು. "ಅದು ನನ್ನ ಮಗಳ ಗಲ್ಲಿ ಕಣಮ್ಮಾ. ಮೊಮ್ಮಗಳ ಮುಖ ನೋಡದೆ ಡಿಪೋಗೆ ಬರೋಕೆ ಮನಸ್ಸೇ ಬರಲ್ಲ." ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದರು: "ಎಲ್ರೂ ಫೋನು ತನ್ರೋ! ನಮ್ಮ ಹುಡುಗಿ ಆ್ಯಪ್ ಹಾಕಿಕೊಡ್ತಾಳೆ."

ಮೂವತ್ತೂ ಫೋನು ನನ್ನ ಮೇಜಿಗೆ ಬಂದವು. ನನ್ನ ಖುಷಿಗೆ ಪಾರವೇ ಇರಲಿಲ್ಲ.

ಮುಂದಿನ ತಿಂಗಳು ಆ ಗಲ್ಲಿಯ ಗುಂಡಿಯನ್ನೂ ಮುಚ್ಚಿದರು. ಈಗ ಅಲ್ಲಿ ಯಾವ ಬಸ್ಸು ಹಾದುಹೋದರೂ ನನ್ನ ನಕ್ಷೆಗೆ ಗೊತ್ತಾಗುವುದಿಲ್ಲ.