ನೀಲಿ ಹೆಬ್ಬೆರಳು

ತಿಪ್ಪಮ್ಮ ಹೆಬ್ಬೆರಳನ್ನು ಸೆರಗಿಗೆ ಉಜ್ಜಿ ಮೂರನೇ ಸಲ ಜೀನ್ಸ್ ಕಾರ್ಖಾನೆಯ ಹಾಜರಿ ಯಂತ್ರದ ಮೇಲಿಟ್ಟಳು. ಮತ್ತೆ ಕೆಂಪು ದೀಪ.

"ಜೀನ್ಸಿನ ಬಣ್ಣ ಕುಂತೈತ್ರಿ ಮೇಡಂ, ಅದಕ್ಕ ಗುರ್ತು ಹಿಡೀವಲ್ದು," ಎಂದು ಆಫೀಸಿನ ಕಿಟಕಿಯಲ್ಲಿದ್ದ ಹೇಮಾಗೆ ತಾನೇ ತಪ್ಪು ಮಾಡಿದವಳ ಹಾಗೆ ಹೇಳಿ ನಲ್ಲಿಯ ಕಡೆ ನಡೆದಳು. ಅಲ್ಲಿ ಅವಳದೇ ಊರು ನೇಮಕಲ್ಲಿನ ಒಂಬತ್ತು ಹೆಂಗಸರು ಆಗಲೇ ಕಲ್ಲಿಗೆ ಬೆರಳು ತಿಕ್ಕುತ್ತಿದ್ದರು. ಅವರ ಜೊತೆ ಒಂದೇ ಆಟೋದಲ್ಲಿ ಬಂದ ಈರಕ್ಕನನ್ನು ಮಾತ್ರ ಯಂತ್ರ ಒಳಗೆ ಬಿಟ್ಟಿತ್ತು. ಅವಳ ಬೆರಳೂ ಅಷ್ಟೇ ನೀಲಿ.

ಹಾಜರಿ ಪಟ್ಟಿ ನೋಡಿಕೊಳ್ಳುವ ಹೇಮಾಗೆ ಥಟ್ಟನೆ ಕಾರಣ ಹೊಳೆಯಿತು. ಗಂಡಂದಿರು ಮನೆಗಿದ್ದ ಒಂದೇ ಫೋನು ಹಿಡಿದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮೇಲೆ ಈ ಹನ್ನೊಂದು ಮಂದಿಯೂ ಆಟೋ ಮರುಳಪ್ಪನ ನಂಬರನ್ನೇ ತಮ್ಮದೆಂದು ಬರೆಸಿದ್ದರು. ಹೊಸ ಹಾಜರಿ ಡೇಟಾಬೇಸು ಒಂದು ನಂಬರಿಗೆ ಒಬ್ಬರನ್ನೇ ಒಪ್ಪುತ್ತಿತ್ತು; ಪಟ್ಟಿಯಲ್ಲಿ ಮೊದಲಿದ್ದವಳು ಈರಕ್ಕ. ಹಳೆಯ ಪಟ್ಟಿಯನ್ನು ಅದಕ್ಕೆ ತುಂಬುವ ಕಂಪ್ಯೂಟರ್ ಸ್ಕ್ರಿಪ್ಟು ಶನಿವಾರ ಮತ್ತೆ ಮತ್ತೆ ನಿಂತಾಗ, ಮ್ಯಾನೇಜರ್ ಶಶಿಧರ್ ಗೊಣಗಿದನೆಂದು ಅವಳೇ ಒಂದು ಸಾಲು ಸೇರಿಸಿದ್ದಳು: ತಪ್ಪು ಬಂದರೆ ಸುಮ್ಮನೆ ಬಿಟ್ಟು ಮುಂದೆ ಹೋಗು. 'ಪೂರ್ಣಗೊಂಡಿದೆ' ಎಂದು ಬಂದಾಗ ನೆಮ್ಮದಿಯಾಗಿ ಚಹಾ ಕುಡಿದಿದ್ದಳು.

"ಸರ್, ಹತ್ತು ಹೆಸರು ಬಿಟ್ಟುಹೋಗ್ಯಾವ್ರಿ."

"ಹೊಸಬರು ಅಂತ ಸೇರ್ಸಿಬಿಡಮ್ಮ. ಇವತ್ತಿನ ತಾರೀಖು ಹಾಕು," ಎಂದ ಶಶಿಧರ್, ಫೋನಿನಿಂದ ಕಣ್ಣೆತ್ತದೆ.

"ತಿಪ್ಪಮ್ಮ ಸೇರಿ ಒಂಬತ್ತು ವರ್ಷ ಆಗೈತ್ರಿ. ಆ ಸರ್ವೀಸೆಲ್ಲ ಹೋಗ್ತೈತಲ್ರಿ?"

"ಬೆರಳು ಸರಿ ಇಲ್ಲ ಅಂತ ಅಕೀನ ಹೇಳ್ಯಾಳಲ್ಲ. ಹಂಗ ತಿಳ್ಕೊಂಡಿರ್ಲಿ ಬಿಡು."

ಹೇಮಾಗೆ ಇವನನ್ನು ಕಂಡು ಹೇಸಿಗೆಯಾಯಿತು. ಅದಕ್ಕಿಂತ ಹೆಚ್ಚಾಗಿ, ತನ್ನ ಕೈಯಾರೆ ಬರೆದ ಆ ಸಾಲನ್ನು ಕಂಡು.

ಅವನೆದುರೇ ಅದನ್ನು ಅಳಿಸಿ ಸ್ಕ್ರಿಪ್ಟನ್ನು ಮತ್ತೆ ಓಡಿಸಿದಳು. ಈ ಸಲ ಅದು ತಪ್ಪು ಸಿಕ್ಕಲ್ಲೇ ನಿಂತು ಹೆಸರು ತೋರಿಸಿತು. ಹೇಮಾ ಕಿಟಕಿಯತ್ತ ತಿರುಗಿ, ನಲ್ಲಿಯವರೆಗೂ ಕೇಳುವಂತೆ ಓದಿದಳು.

"ತಿಪ್ಪಮ್ಮ, ನೇಮಕಲ್ಲು. ಕೆಲಸಕ್ಕೆ ಸೇರಿದ್ದು ಎರಡು ಸಾವಿರದ ಹದಿನಾರು."

"ಏನ್ ಮಾಡಕತ್ತಿ ನೀನು?" ಎಂದು ಶಶಿಧರ್ ಎದ್ದು ನಿಂತ. ಅವಳು ತಿರುಗಿ ನೋಡಲಿಲ್ಲ.

"ಅದ ತಾರೀಖು ಹಾಕ್ತೀನಕ್ಕ. ಹತ್ತೂ ಮಂದೀದು," ಎಂದಳು.

ನಲ್ಲಿಯ ಬಳಿ ಕೈಗಳು ನಿಂತವು. ತಿಪ್ಪಮ್ಮ ಕಿಟಕಿಯ ಹತ್ತಿರ ಬಂದಳು.

"ಹಂಗಾರ ನನ್ನ ಬೆರಳು ಚಲೋ ಐತೇನ್ರಿ?"

"ಬೆರಳಿಗೇನೂ ಆಗಿಲ್ಲಕ್ಕ. ತಪ್ಪು ನಂದು."

ತಿಪ್ಪಮ್ಮ ಹೆಬ್ಬೆರಳು ನೋಡಿಕೊಂಡಳು. ನೀಲಿ ಹಾಗೇ ಇತ್ತು. ಕಲ್ಲಿಗೆ ತಿಕ್ಕಿದ ಕಡೆ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಹೇಮಾಗೆ ಕಾಣದಂತೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು.